ಪ್ರಶ್ನೆ ಕೇಳುವ ಭಾಷೆ: ತಾಂತ್ರಿಕ ಕಾಲೇಜಿನ ನಮ್ಮ ಮಕ್ಕಳು ಹೇಳಿದ್ದು



ಭಾಷಾ ಅಲ್ಪಸಂಖ್ಯಾತರ ಶಿಕ್ಷಣವನ್ನು ಕುರಿತು ನಾವು ಬರೆಯುವಾಗಲೆಲ್ಲ ಮಾತು ಪ್ರಾಥಮಿಕ ಶಾಲೆಯ ಸುತ್ತಲೇ ಸುತ್ತುತ್ತದೆ. ಮಾಧ್ಯಮ, ಪಠ್ಯಪುಸ್ತಕ, ಭರ್ತಿಯಾಗದ ಶಿಕ್ಷಕರ ಹುದ್ದೆ, ಹತ್ತನೆಯ ತರಗತಿಯ ಭಾಷಾಪತ್ರಿಕೆ, ಇವೇ ನಮ್ಮ ನಿತ್ಯದ ಅಳಲು. ಈ ಅಳಲು ನ್ಯಾಯವಾದದ್ದೇ; ನಾನೂ ಸೇವೆಯಲ್ಲಿದ್ದಷ್ಟು ಕಾಲ ಅದನ್ನೇ ಬರೆದವನು, ಮನವಿಪತ್ರಗಳಿಗೆ ಅದನ್ನೇ ಲಗತ್ತಿಸಿದವನು. ಇಂದು ಮಾತ್ರ ನಾವು ಸಾಮಾನ್ಯವಾಗಿ ನೋಡದ ಒಂದು ಕಡೆಗೆ ತಮ್ಮ ಗಮನವನ್ನು ಸೆಳೆಯಬೇಕೆಂದಿದ್ದೇನೆ. ಶಾಲೆ ಮುಗಿಸಿ ಪಾಲಿಟೆಕ್ನಿಕ್ಕಿಗೂ ಇಂಜಿನಿಯರಿಂಗ್ ಕಾಲೇಜಿಗೂ ಹೋಗುವ ನಮ್ಮ ಮಕ್ಕಳು ಎಂತಹ ಪಾಠವನ್ನು ಒಳ್ಳೆಯ ಪಾಠವೆಂದು ತಿಳಿಯುತ್ತಾರೆ? ಅವರ ಉತ್ತರದಿಂದ ನಮ್ಮ ಭಾಷಾ ಹೋರಾಟವು ಕಲಿಯಬೇಕಾದುದು ಏನಾದರೂ ಇದೆಯೇ? ಇದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ತಮ್ಮ ಮುಂದೆ ಇಡುವುದೇ ಈ ಬರಹದ ಉದ್ದೇಶ.

ನಾನು ನಿವೃತ್ತಿಯ ನಂತರ ನೆಲೆಸಿರುವುದು ತೇನಿ ಜಿಲ್ಲೆಯ ಆಂಡಿಪಟ್ಟಿಯಲ್ಲಿ. ಹೊಸೂರು, ತಾಳವಾಡಿಗಳ ಕನ್ನಡವನ್ನು ಬಲ್ಲ ಬಂಧುಗಳಿಗೂ ಈ ಭಾಗದಲ್ಲಿ ಕನ್ನಡವಿದೆಯೆಂಬುದು ಕೆಲವೊಮ್ಮೆ ಆಶ್ಚರ್ಯವನ್ನು ತರುತ್ತದೆ. ಕಂಬಂ ಕಣಿವೆಯ ಕಪ್ಪಿಲಿಯರು, ದಿಂಡಿಗಲ್ ಮತ್ತು ಮಧುರೈ ಕಡೆಯ ಅನುಪ್ಪರು, ಅಲ್ಲಲ್ಲಿ ನೇಯ್ಗೆಯನ್ನು ನಂಬಿ ನಿಂತ ಕನ್ನಡದ ದೇವಾಂಗ ಕುಟುಂಬಗಳು, ಇವರೆಲ್ಲ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನಾಡುತ್ತ ಬಂದವರು. ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳ ಗ್ರಂಥದಲ್ಲಿಯೇ ಕಪ್ಪಿಲಿಯರ ಕನ್ನಡದ ಉಲ್ಲೇಖವಿದೆ. 2011ರ ಜನಗಣತಿಯಂತೆ ಇಡೀ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕು. ಜನಸಂಖ್ಯೆಯಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಇವರಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನು ಕಂಡವರು ಬಹುಮಟ್ಟಿಗೆ ಕರ್ನಾಟಕದ ಗಡಿಗೆ ತಾಗಿದ ಕಡೆಯವರು. ನಮ್ಮ ಕಣಿವೆಯ ಕನ್ನಡಕ್ಕೆ ಲಿಪಿಯಿಲ್ಲ, ಪುಸ್ತಕವಿಲ್ಲ. ಅದು ಅಡುಗೆಮನೆಯಲ್ಲಿ, ಮಗ್ಗದ ಬದಿಯಲ್ಲಿ, ಹೊಲದ ಬದುವಿನ ಮೇಲೆ ಉಳಿದಿರುವ ಮಾತು. ಮಗು ಮನೆಯಲ್ಲಿ ಕನ್ನಡವನ್ನಾಡುತ್ತದೆ, ಶಾಲೆಯಲ್ಲಿ ತಮಿಳಿನಲ್ಲಿ ಓದುತ್ತದೆ, ಹದಿನಾರು ಹದಿನೇಳರ ವಯಸ್ಸಿನಲ್ಲಿ ತಾಂತ್ರಿಕ ಕಾಲೇಜಿಗೆ ಕಾಲಿಟ್ಟೊಡನೆ ಇಂಗ್ಲಿಷಿನ ಪುಸ್ತಕವನ್ನು ಎದುರಿಸುತ್ತದೆ.

ಹೀಗೆ ಕಾಲೇಜಿಗೆ ಹೋಗುವ ಮಕ್ಕಳ ಸಂಖ್ಯೆ ನಮ್ಮ ಕಣ್ಣೆದುರಿಗೇ ಹೆಚ್ಚಿದೆ. ಬೋಡಿನಾಯಕನೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2012ರಲ್ಲಿ ಬಂದಿತು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣದಲ್ಲಿ ಶೇಕಡ 7.5ರ ಒಳಮೀಸಲಾತಿ 2021ರಲ್ಲಿ ದೊರೆಯಿತು. ಸರ್ಕಾರಿ ಶಾಲೆಯಿಂದ ಬಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ನೀಡುವ 'ಪುದುಮೈ ಪೆಣ್' ಯೋಜನೆ 2022ರಲ್ಲಿಯೂ, ಗಂಡುಮಕ್ಕಳಿಗೆ ಅದೇ ಬಗೆಯ 'ತಮಿಳ್ ಪುದಲ್ವನ್' 2024ರಲ್ಲಿಯೂ ಆರಂಭವಾದವು. ಮಧುರೈಯಿಂದ ತೇನಿಗೆ ರೈಲು 2022ರಲ್ಲಿ ಮರಳಿ ಬಂದಿತು, ಮರುವರ್ಷ ಬೋಡಿಯವರೆಗೂ ಹೋಯಿತು. ಅಜ್ಜ ಹೆಬ್ಬೆಟ್ಟು ಒತ್ತಿದವನು, ಅಪ್ಪ ಎಂಟನೆಯ ತರಗತಿಗೆ ನಿಂತವನು, ಮೊಮ್ಮಗಳು ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಇದು ಸಣ್ಣ ಸಾಧನೆಯಲ್ಲ. ಬಾಗಿಲು ತೆರೆದವರಿಗೆ ಕೃತಜ್ಞತೆಯನ್ನು ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ. ಬಾಗಿಲು ತೆರೆದ ಮೇಲೆ ಒಳಗೆ ಏನಾಗುತ್ತದೆ ಎಂಬುದೇ ಆ ಮಾತು.

ಕಳೆದ ಎರಡು ಬೇಸಿಗೆ ರಜೆಗಳಲ್ಲಿ ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಗೆ ಬರುವ ಕೇರಿಯ ಮಕ್ಕಳನ್ನು, ನೆಂಟರ ಮಕ್ಕಳನ್ನು ನಾನು ಒಂದೇ ಪ್ರಶ್ನೆ ಕೇಳುತ್ತ ಬಂದೆ: "ನಿಮ್ಮ ಕಾಲೇಜಿನಲ್ಲಿ ಯಾರ ಪಾಠ ಚೆನ್ನಾಗಿದೆ, ಏಕೆ?" ಇದು ಸಮೀಕ್ಷೆಯೆಂದು ಯಾರೂ ಭಾವಿಸಬಾರದು. ಹನ್ನೊಂದು ಮಂದಿ ಮಕ್ಕಳು, ಐದಾರು ಕಾಲೇಜುಗಳು, ಒಬ್ಬ ಮುದುಕನ ಕುತೂಹಲ, ಇಷ್ಟೇ. ಯಾವ ಕಾಲೇಜಿನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ನಾನು ನಿರೀಕ್ಷಿಸಿದ್ದು ಬೇರೆ. ಚೆನ್ನಾಗಿ ಇಂಗ್ಲಿಷ್ ಮಾತನಾಡುವವರು, ಪರದೆಯ ಮೇಲೆ ಚಿತ್ರ ತೋರಿಸುವವರು, ಕಂಪನಿಗಳ ಪರಿಚಯವಿರುವವರು ಎಂಬಂತಹ ಉತ್ತರಗಳು ಬರುತ್ತವೆಂದು ಕಾದಿದ್ದೆ. ಒಬ್ಬಿಬ್ಬರು ಅವನ್ನೂ ಹೇಳಿದರು. ಆದರೆ ಬಹುಮಂದಿಯ ಉತ್ತರ ಐದು ಮಾತುಗಳಲ್ಲಿ ಅಡಗಿತ್ತು.

ಮೊದಲನೆಯದು, ಸೂತ್ರಕ್ಕೆ ಮುಂಚೆ ಅದರ ಕಾರಣವನ್ನು ಹೇಳುವುದು. "ಎಲ್ಲರೂ ಸೂತ್ರ ಬರೆದು ಲೆಕ್ಕ ಮಾಡಿಸುತ್ತಾರೆ, ತಾತಾ. ಒಬ್ಬರು ಮಾತ್ರ ಈ ಸೂತ್ರ ಯಾರಿಗೆ ಯಾಕೆ ಬೇಕಾಯಿತು ಅಂತ ಹೇಳಿ ಆಮೇಲೆ ಬರೆಯುತ್ತಾರೆ" ಎಂದಳು ಒಬ್ಬಳು. ಎರಡನೆಯದು, ಪ್ರಶ್ನೆ ಕೇಳಿದವನನ್ನು ನಗೆಪಾಟಲು ಮಾಡದಿರುವುದು. ಮೂರನೆಯದು, ಉತ್ತರಪತ್ರಿಕೆಯನ್ನು ಬೇಗ ತಿದ್ದಿಕೊಟ್ಟು, ಅಂಕವನ್ನಷ್ಟೇ ಹಾಕದೆ ಎಲ್ಲಿ ತಪ್ಪಿತೆಂದು ತೋರಿಸುವುದು. ನಾಲ್ಕನೆಯದು, ಪ್ರಯೋಗಾಲಯದಲ್ಲಿ ಉಪಕರಣವನ್ನು ಕೈಗೆ ಕೊಡುವುದು. ನಾಲ್ವರು ಮುಂದೆ ನಿಂತು ಮಾಡಿ ಹಿಂದಿನವರು ಅಂಕಿಗಳನ್ನು ನಕಲು ಮಾಡಿಕೊಳ್ಳುವ ಪದ್ಧತಿಯನ್ನು ಬಿಡುವುದು. ಐದನೆಯದು ನ್ಯಾಯ. ಆಂತರಿಕ ಅಂಕ ಕೊಡುವಾಗ ಮುಖ ನೋಡದಿರುವುದು.

ಈ ಐದನ್ನು ಕೇಳಿದಾಗ ನನಗೆ ಹಿಂದೆ ತರಬೇತಿಯೊಂದರಲ್ಲಿ ಓದಿದ ಲೇಖನವೊಂದು ನೆನಪಾಯಿತು. 1987ರಲ್ಲಿ ಅಮೆರಿಕದ ಚಿಕರಿಂಗ್ ಮತ್ತು ಗ್ಯಾಮ್ಸನ್ ಎಂಬ ವಿದ್ವಾಂಸರು ಕಾಲೇಜು ಬೋಧನೆಗೆ ಏಳು ತತ್ತ್ವಗಳನ್ನು ನಿರೂಪಿಸಿದರು: ಅಧ್ಯಾಪಕ ವಿದ್ಯಾರ್ಥಿಗಳ ಒಡನಾಟ, ವಿದ್ಯಾರ್ಥಿಗಳ ಪರಸ್ಪರ ಸಹಕಾರ, ಕೈಯಾರೆ ಮಾಡಿ ಕಲಿಯುವುದು, ತಪ್ಪು ಒಪ್ಪುಗಳನ್ನು ತಡವಿಲ್ಲದೆ ತಿಳಿಸುವುದು, ಕಲಿಕೆಗೆ ತಕ್ಕ ಕಾಲವನ್ನು ಕೊಡುವುದು, ವಿದ್ಯಾರ್ಥಿಯಿಂದ ಉನ್ನತವಾದುದನ್ನು ನಿರೀಕ್ಷಿಸುವುದು, ಬಗೆಬಗೆಯ ಸಾಮರ್ಥ್ಯಗಳನ್ನು ಗೌರವಿಸುವುದು. ಆ ಲೇಖನದ ಹೆಸರನ್ನೂ ಕೇಳದ ನಮ್ಮ ಆಂಡಿಪಟ್ಟಿಯ ಮಕ್ಕಳು ಅದರ ಬಹುಭಾಗವನ್ನು ತಮ್ಮ ಅನುಭವದಿಂದಲೇ ಹೇಳಿದರು. ಒಳ್ಳೆಯ ಪಾಠವೆಂದರೇನು ಎಂಬುದರಲ್ಲಿ ಅಮೆರಿಕಕ್ಕೂ ವೈಗೈ ತೀರಕ್ಕೂ ದೊಡ್ಡ ಭೇದವಿರುವಂತೆ ಕಾಣುವುದಿಲ್ಲ.

ಆದರೆ ಎರಡನೆಯ ಮಾತನ್ನು, ಅಂದರೆ ಪ್ರಶ್ನೆಯ ಮಾತನ್ನು, ನಮ್ಮ ಮಕ್ಕಳು ಹೇಳಿದ ರೀತಿಯಲ್ಲಿ ಒಂದು ವಿಶೇಷವಿತ್ತು. ಅವರ ಭಯ ದಡ್ಡ ಪ್ರಶ್ನೆಯಾದೀತೆಂಬುದಷ್ಟೇ ಆಗಿರಲಿಲ್ಲ. ಯಾವ ಭಾಷೆಯಲ್ಲಿ ಕೇಳಬೇಕು? ಇಂಗ್ಲಿಷಿನಲ್ಲಿ ಕೇಳಿದರೆ ವಾಕ್ಯ ನಡುವೆಯೇ ಮುರಿಯುತ್ತದೆ. ತಮಿಳಿನಲ್ಲಿ ಕೇಳಬಹುದು, ಆದರೆ ಕೆಲವು ತರಗತಿಗಳಲ್ಲಿ ಇಂಗ್ಲಿಷನ್ನು ಬಿಟ್ಟವನು ಕೀಳೆಂಬ ಭಾವನೆಯಿದೆ. ಮನಸ್ಸಿನಲ್ಲಿ ಪ್ರಶ್ನೆ ಮೊಳೆಯುವ ಭಾಷೆಯೋ ಮನೆಯದು. ಈ ಮೂರರ ನಡುವೆ ಪ್ರಶ್ನೆ ಸಿದ್ಧವಾಗುವ ಹೊತ್ತಿಗೆ ಅಧ್ಯಾಪಕರು ಎರಡು ಪುಟ ಮುಂದೆ ಹೋಗಿರುತ್ತಾರೆ. "ಅದಕ್ಕೇ ಕೇಳುವುದನ್ನೇ ಬಿಟ್ಟೆ" ಎಂದ ಒಬ್ಬ ಹುಡುಗ. ಅವನು ದುಃಖದಿಂದ ಹೇಳಲಿಲ್ಲ; ಬಸ್ಸು ತಪ್ಪಿತು ಎನ್ನುವಷ್ಟು ಸಹಜವಾಗಿ ಹೇಳಿದ. ನನ್ನನ್ನು ಚುಚ್ಚಿದ್ದು ಆ ಸಹಜತೆಯೇ.

ಚುಚ್ಚಲು ಕಾರಣವಿತ್ತು. ಅದನ್ನು ಬಚ್ಚಿಟ್ಟು ಉಪದೇಶ ಮಾಡಿದರೆ ಅಪ್ರಾಮಾಣಿಕತೆಯಾದೀತು.

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲ. ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಎಂಟನೆಯ ತರಗತಿಗೆ ನಾನೇ ಹೋದೆ. ಪಾಠ ಆವಿಯಾಗುವಿಕೆಯದು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ತಣ್ಣಿ ಆವಿಯಾಗಿ ಹೋದರೆ ಮಡಕೆ ಯಾಕೆ ಜಿಲ್ಲೆನ್ನುತ್ತೆ?" ಎಂದು ಕೇಳಿದ. ನಾನು ಕನ್ನಡ ಎಂ.ಎ. ಓದಿದವನು, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ ರಾತ್ರಿ ಎದ್ದು ಕುಳಿತು ಪದವಿ ಪಡೆದ ಹೆಮ್ಮೆ ಬೇರೆ. "ತಣ್ಣಿ ಅಲ್ಲವಪ್ಪ, ನೀರು. ಇದು ಕನ್ನಡ ಶಾಲೆ. ಜಿಲ್ಲೆನ್ನುವುದಿಲ್ಲ, ತಣ್ಣಗಾಗುತ್ತದೆ ಎನ್ನಬೇಕು" ಎಂದೆ. ತರಗತಿ ನಕ್ಕಿತು. ಹುಡುಗ ಕುಳಿತುಕೊಂಡ. ನಾನು ಪಾಠವನ್ನು ಮುಂದುವರಿಸಿದೆ.

ಅವನ ಪ್ರಶ್ನೆಗೆ ಉತ್ತರ ಆ ದಿನ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಇದೇ ನಿಜವಾದ ಸಂಗತಿ. ಅವನ ಭಾಷೆಯ ತಪ್ಪನ್ನು ಹಿಡಿದು ನನ್ನ ಅಜ್ಞಾನವನ್ನು ಮುಚ್ಚಿಕೊಂಡೆ. ನೀರಿನ ಕಣಗಳಲ್ಲಿ ಹೆಚ್ಚು ವೇಗವುಳ್ಳವು ಮೊದಲು ಹಾರಿಹೋಗುತ್ತವೆ; ಹೋಗುವಾಗ ಶಾಖವನ್ನು ಒಯ್ಯುತ್ತವೆ; ಉಳಿದ ನೀರೂ ಮಡಕೆಯೂ ತಂಪಾಗುತ್ತವೆ. ಇಷ್ಟು ಸರಳವಾದ ಉತ್ತರವನ್ನು "ನಾಳೆ ತಿಳಿದುಕೊಂಡು ಬಂದು ಹೇಳುತ್ತೇನೆ" ಎಂದು ಮುಂದಕ್ಕೆ ಹಾಕುವ ಧೈರ್ಯವೂ ನನಗೆ ಇರಲಿಲ್ಲ. ಆ ಹುಡುಗ ಹತ್ತನೆಯ ತರಗತಿ ಮುಗಿಸುವವರೆಗೂ ನನ್ನ ಎದುರು ಇನ್ನೊಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಈಗ ಎಲ್ಲಿದ್ದಾನೋ ಅರಿಯೆ. ಕನ್ನಡ ಶಾಲೆಯಲ್ಲಿ, ಕನ್ನಡದ ಮಗುವಿನ ಪ್ರಶ್ನೆಯನ್ನು, ಕನ್ನಡದ ಹೆಸರಿನಲ್ಲಿಯೇ ನಾನು ಅಡಗಿಸಿದ್ದೆ. ಮಾಧ್ಯಮವೊಂದು ಸರಿಯಾದರೆ ಎಲ್ಲವೂ ಸರಿಯಾದೀತು ಎಂಬ ವಾದವನ್ನು ಕೇಳಿದಾಗಲೆಲ್ಲ ಆ ಮಡಕೆ ನನಗೆ ನೆನಪಾಗುತ್ತದೆ.

ಇದಕ್ಕೆ ಪ್ರತಿಯಾಗಿ ಜಗಲಿಯಲ್ಲಿ ಕೇಳಿದ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ. ನೇಕಾರರ ಮನೆಯ ಹುಡುಗಿಯೊಬ್ಬಳು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. ಮೊದಲ ವರ್ಷ ಏನೂ ಅರ್ಥವಾಗದೆ ಬಿಟ್ಟುಬಿಡುವ ಯೋಚನೆಯಲ್ಲಿದ್ದಳಂತೆ. ಒಂದು ದಿನ ಅವಳ ಅಧ್ಯಾಪಕಿ ಮಕ್ಕಳನ್ನು, ನಿಮ್ಮ ಮನೆಯಲ್ಲಿ ಏನು ಕೆಲಸ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಇವಳು ಮಗ್ಗ ಎಂದಳು. ಜಕಾರ್ಡ್ ಇದೆಯೇ ಎಂದು ಅವರು ಕೇಳಿದರು. ಇದೆ, ಸೆರಗಿನ ಹೂವಿಗೆ ಅಟ್ಟೆ ಹಾಕುತ್ತೇವೆ ಎಂದಳು. ಮರುದಿನ ಆ ರಟ್ಟಿನ ತೂತುಪಟ್ಟಿಗಳಲ್ಲಿ ಎರಡನ್ನು ತರಗತಿಗೆ ತರಿಸಿಕೊಂಡು, ತೂತು ಇರುವ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ ಎಂಬುದನ್ನು ಇವಳಿಂದಲೇ ಎಲ್ಲರಿಗೂ ಹೇಳಿಸಿದರು. ಆಮೇಲೆ ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ಈ ಯಂತ್ರವನ್ನು ರೂಪಿಸಿದ್ದು, ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಅದೇ ತೂತುಪಟ್ಟಿಯನ್ನು ಎರವಲು ಪಡೆದದ್ದು, ಅಮೆರಿಕದ 1890ರ ಜನಗಣತಿಯನ್ನು ಹೊಲೆರಿತ್ ಎಂಬವರು ತೂತುಪಟ್ಟಿಗಳಿಂದಲೇ ಲೆಕ್ಕ ಹಾಕಿದ್ದು, ಇವನ್ನೆಲ್ಲ ಹೇಳಿ, "ತೂತು ಒಂದು, ತೂತಿಲ್ಲದ್ದು ಸೊನ್ನೆ, ಇಷ್ಟೇ" ಎಂದರಂತೆ.

"ಅವತ್ತು ನಾನು ಮನೆಯ ಭಾಷೆಯಲ್ಲೇ ಹಾಸು, ಎಳೆ ಅಂತ ಹೇಳಿಬಿಟ್ಟೆ, ತಾತಾ. ಮೇಡಂ ಅದನ್ನೇ ಬೋರ್ಡಿನ ಮೇಲೆ ತಮಿಳಕ್ಷರದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಬರೆದರು" ಎಂದಳು ಹುಡುಗಿ. ಆ ಅಧ್ಯಾಪಕಿಗೆ ಕನ್ನಡ ಬಾರದು. ನಮ್ಮ ಭಾಷಾ ಸಂಘಗಳ ಹೆಸರನ್ನೂ ಅವರು ಕೇಳಿರಲಾರರು. ಆದರೂ ಕನ್ನಡ ಎಂ.ಎ. ಓದಿದ ನಾನು ಮಾಡಲಾಗದ ಕೆಲಸವನ್ನು ಅವರು ಮಾಡಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಾಂತ್ರಿಕ ಪದಗಳನ್ನು ಕನ್ನಡಕ್ಕೆ ತಂದ ಪುಣ್ಯವಂತರು ನಮ್ಮಲ್ಲಿ ಅನೇಕರಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಇಂಗ್ಲಿಷಿನ 'ಸ್ಟ್ರೆಸ್' ಎಂಬ ಪದಕ್ಕೆ ಕನ್ನಡದಲ್ಲಿ 'ಪೀಡನ' ಎಂದೂ ತಮಿಳಿನಲ್ಲಿ 'ತಗೈವು' ಎಂದೂ ಬರೆದುಕೊಟ್ಟರೆ ನಮ್ಮ ಮಗ್ಗದ ಮನೆಯ ಹುಡುಗನಿಗೆ ಮೂರೂ ಒಂದೇ ದೂರದಲ್ಲಿ ನಿಲ್ಲುತ್ತವೆ. ಅವನಿಗೆ ಗೊತ್ತಿರುವುದು 'ಬಿಗಿ'. ಹಾಸಿನ ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ, ಕಡಿಮೆಯಾದರೆ ಬಟ್ಟೆ ಜಾಳಾಗುತ್ತದೆ, ಗಂಜಿ ಹಾಕಿದ ನೂಲು ಹೆಚ್ಚು ತಡೆಯುತ್ತದೆ, ದಪ್ಪ ನೂಲು ಇನ್ನೂ ಹೆಚ್ಚು ತಡೆಯುತ್ತದೆ. ಬಲವನ್ನು ಅದು ಹರಡಿರುವ ವಿಸ್ತೀರ್ಣದಿಂದ ಭಾಗಿಸಬೇಕೆಂಬ ಸೂತ್ರದ ಬೀಜ ಈ ಕೊನೆಯ ಮಾತಿನಲ್ಲಿಯೇ ಇದೆ. ಬಿಗಿಯಿಂದ ಹೊರಟರೆ ಹುಡುಗ ಪೀಡನಕ್ಕೂ ಹೋಗುತ್ತಾನೆ, ತಗೈವಿಗೂ ಹೋಗುತ್ತಾನೆ, ಸ್ಟ್ರೆಸ್‌ಗೂ ಹೋಗುತ್ತಾನೆ. ಆ ಮೊದಲ ಮೆಟ್ಟಿಲನ್ನು ತೆಗೆದುಬಿಟ್ಟರೆ ಉಳಿದ ಮೂರೂ ಬಾಯಿಪಾಠದ ಪದಗಳಾಗುತ್ತವೆ.

ಈಗ ನಮ್ಮ ಹೋರಾಟಗಳ ಕಡೆಗೆ ಬರೋಣ. ಸಂವಿಧಾನದ 350 ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1956ರಲ್ಲಿ ಸೇರಿದ ಈ ವಿಧಿ ಪ್ರಾಥಮಿಕ ಹಂತದಾಚೆಗೆ ಮಾತನಾಡುವುದಿಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯು ತಮಿಳನ್ನು ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಹತ್ತನೆಯವರೆಗೆ ಕಡ್ಡಾಯ ಮಾಡಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗಾಗಿ ನ್ಯಾಯಾಲಯಗಳಿಗೆ ಹೋದದ್ದು, ಪರೀಕ್ಷೆಯ ಮುನ್ನ ವಿನಾಯಿತಿ ದೊರೆತದ್ದು, 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿದ್ದು ತಮಗೆಲ್ಲ ತಿಳಿದದ್ದೇ. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಯ ಕಾಯ್ದೆಯನ್ನು ತಂದಿತು. ಅಲ್ಲಿನ ತಮಿಳು, ಉರ್ದು, ತೆಲುಗು ಮನೆಗಳ ಮಕ್ಕಳ ಸ್ಥಿತಿಯನ್ನೂ ನಾವು ಇದೇ ಮನಸ್ಸಿನಿಂದ ನೋಡಬೇಕು. ಇಲ್ಲಿ ಅಲ್ಪಸಂಖ್ಯಾತರಾಗಿ ಕೇಳುವ ನ್ಯಾಯವನ್ನು ಅಲ್ಲಿ ಬಹುಸಂಖ್ಯಾತರಾಗಿ ಮರೆತರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

ಉನ್ನತ ಶಿಕ್ಷಣದಲ್ಲಿಯೂ ಪ್ರಯತ್ನಗಳು ನಡೆದಿವೆ. ಅಣ್ಣಾ ವಿಶ್ವವಿದ್ಯಾನಿಲಯವು 2010ರಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ತಮಿಳು ಮಾಧ್ಯಮದಲ್ಲಿ ಆರಂಭಿಸಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿದಾಗ ಕನ್ನಡಕ್ಕೆ ಭಾಲ್ಕಿಯ ಒಂದು ಕಾಲೇಜು ಮುಂದೆ ಬಂದಿತು. ನಿರೀಕ್ಷಿಸಿದಷ್ಟು ವಿದ್ಯಾರ್ಥಿಗಳು ಬರಲಿಲ್ಲ. ಇದನ್ನು ಕನ್ನಡದ ಸೋಲೆಂದು ಕೆಲವರು ಹಳಿದರು, ತಂದೆತಾಯಂದಿರ ಇಂಗ್ಲಿಷ್ ವ್ಯಾಮೋಹವೆಂದು ಕೆಲವರು ಬೈದರು. ಎರಡೂ ಅರ್ಧ ಸತ್ಯ. ತಂದೆತಾಯಂದಿರು ಕೆಲಸದ ಲೆಕ್ಕ ಹಾಕುತ್ತಾರೆ, ಹಾಕಲೇಬೇಕು. ಪುಸ್ತಕ ಅನುವಾದವಾಯಿತೆಂದರೆ ಪಾಠ ಸಿದ್ಧವಾಯಿತೆಂದು ನಾವು ಭಾವಿಸಿದ್ದು ನಮ್ಮ ತಪ್ಪು. ಮಕ್ಕಳು ಹೇಳಿದ ಐದು ಮಾತುಗಳಲ್ಲಿ ಪುಸ್ತಕದ ಭಾಷೆ ಎಲ್ಲಿಯೂ ಬರಲಿಲ್ಲವೆಂಬುದನ್ನು ನೆನಪಿಡಿ. ಅವರ ಮಾತೆಲ್ಲ ಅಧ್ಯಾಪಕರ ನಡೆಯ ಮೇಲಿತ್ತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಒಂದು, ಉದ್ಯೋಗದ ಸಂದರ್ಶನ ಇಂಗ್ಲಿಷಿನಲ್ಲಿರುವಾಗ ತರಗತಿಯಲ್ಲಿ ಬೇರೆ ಭಾಷೆಗೆ ಎಡೆಗೊಟ್ಟರೆ ಮಕ್ಕಳಿಗೇ ನಷ್ಟವಲ್ಲವೇ ಎಂಬುದು. ಈ ಆತಂಕ ಸುಳ್ಳಲ್ಲ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಲು, ಕೊನೆಗೆ ಇಂಗ್ಲಿಷಿನಲ್ಲಿ ವಿವರಿಸಲು ಮಗುವನ್ನು ಅಣಿಗೊಳಿಸಲೇಬೇಕು. ಆದರೆ ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಯಾರಿಂದಲೂ ಆಗದು. ಅರ್ಥವು ಮೊದಲು ಯಾವುದಾದರೂ ಭಾಷೆಯಲ್ಲಿ ಆಗಬೇಕು. ಅಲ್ಲಿಂದ ಇಂಗ್ಲಿಷಿಗೆ ಒಯ್ಯುವುದನ್ನು ಕಲಿಸಬಹುದು. ಮೂರು ವರ್ಷ ಮೌನವಾಗಿ ಕುಳಿತ ಹುಡುಗ ಸಂದರ್ಶನದ ದಿನ ಇದ್ದಕ್ಕಿದ್ದಂತೆ ಬಾಯಿ ತೆರೆಯುವುದಿಲ್ಲ.

ಎರಡನೆಯದು ನಮ್ಮವರದೇ ಆಕ್ಷೇಪ: ಅಧ್ಯಾಪಕರು ತಮಿಳಿಗೆ ಇಳಿದರೆ ಕನ್ನಡದ ಮಗುವಿಗೆ ಏನು ದೊರೆತಂತಾಯಿತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಈ ಕಣಿವೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ತಮಿಳು ಪರಭಾಷೆಯಲ್ಲ. ಅವರ ಗೆಳೆತನ, ಸಿನಿಮಾ, ಜಗಳ ಎಲ್ಲವೂ ತಮಿಳಿನಲ್ಲಿಯೇ. ತಮಿಳಿನಲ್ಲಿ ಪ್ರಶ್ನೆ ಕೇಳಲು ಧೈರ್ಯ ಬಂದರೆ ಅವರ ಹಾದಿಯ ಮುಕ್ಕಾಲು ಪಾಲು ಸವೆದಂತೆ. ಉಳಿದ ಕಾಲು ಪಾಲು ಹಾಸು, ಎಳೆ, ಬಿಗಿ ಎಂಬಂತಹ ಮನೆಯ ಮಾತಿನದು. ಆ ಕಾಲು ಪಾಲಿಗೆ ಬೆಲೆ ಇದೆಯೆಂದು ಮಗುವಿಗೆ ಒಮ್ಮೆ ತಿಳಿದರೆ ಸಾಕು, ಅದು ಮನೆಗೆ ಬಂದು ಅಜ್ಜಿಯ ಬಳಿ ಇನ್ನೂ ನಾಲ್ಕು ಪದ ಕೇಳುತ್ತದೆ. ಜಕಾರ್ಡಿನ ಹುಡುಗಿ ಹಾಗೆಯೇ ಕೇಳಿದಳು. ಮನೆಯ ಮಾತು ಅಡುಗೆಮನೆಯಲ್ಲಿಯೇ ಉಳಿದು ಅಜ್ಜಿಯೊಡನೆ ಹೋಗುವುದಕ್ಕಿಂತ, ಕಾಲೇಜಿನ ಬೋರ್ಡಿನ ಮೇಲೆ ತಮಿಳಕ್ಷರದಲ್ಲಿಯಾದರೂ ಒಂದು ದಿನ ನಿಲ್ಲುವುದು ಮೇಲು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಗಳನ್ನು ನಾನು ಹೇಳಲಾರೆ. ನಾವು ಮಾಡಬಹುದಾದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಒಂದು, ನಮ್ಮ ಸಂಘಗಳು ವರ್ಷಕ್ಕೊಮ್ಮೆ ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸಿ ಚಿತ್ರ ತೆಗೆಸಿಕೊಳ್ಳುತ್ತವೆ. ಅದೇ ದಿನ ಅರ್ಧ ಗಂಟೆ ಮಕ್ಕಳನ್ನು ಮಾತನಾಡಿಸಿ, ಯಾವ ಪಾಠ ಹೇಗೆ ಅರ್ಥವಾಯಿತೆಂದು ಕೇಳಿ ಬರೆದಿಡಬೇಕು. ಎರಡು, ಕಾಲೇಜು ಸೇರುವ ಮೊದಲ ಬೇಸಿಗೆಯಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹತ್ತು ಸಂಜೆ ಪಾಠ ಹೇಳಲಿ. ಪ್ರತಿ ವಿಷಯಕ್ಕೆ ಐವತ್ತು ಮುಖ್ಯ ಪದಗಳು ಸಾಕು: ಇಂಗ್ಲಿಷ್, ತಮಿಳು, ಮನೆಯ ಮಾತು ಮೂರನ್ನೂ ಒಂದೇ ಸಾಲಿನಲ್ಲಿ ಬರೆದ ನೋಟುಪುಸ್ತಕ. ಕನ್ನಡ ಲಿಪಿಯನ್ನು ಕಲಿಯಲು ಬಯಸುವವರಿಗೆ ಆ ಸಂಜೆಗಳಲ್ಲಿಯೇ ನಾನು ಲಿಪಿಯನ್ನೂ ಕಲಿಸಬಲ್ಲೆ. ಮೂರು, ಕಾಲೇಜುಗಳಲ್ಲಿ ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳಿಂದ ಅಭಿಪ್ರಾಯ ಪಡೆಯುವ ನಮೂನೆ ಈಗ ಇದೆ. ಅದರಲ್ಲಿ ಒಂದು ಪ್ರಶ್ನೆ ಸೇರಬೇಕೆಂದು ಪೋಷಕರಾಗಿ ನಾವು ಕೇಳೋಣ: "ಈ ತರಗತಿಯಲ್ಲಿ ನಿಮಗೆ ತಿಳಿದ ಭಾಷೆಯಲ್ಲಿ ಪ್ರಶ್ನೆ ಕೇಳಲು ಸಾಧ್ಯವಾಯಿತೇ?" ನಮೂನೆಯೂ ಮಗುವಿಗೆ ಓದಲು ಬರುವ ಭಾಷೆಯಲ್ಲಿರಲಿ. ನಾಲ್ಕು, ಗಡಿಯ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮಗುವಿನ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ಭಾಷೆಯನ್ನು ಆಮೇಲೆ ತಿದ್ದಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ಮಕ್ಕಳು ಅದಕ್ಕಾಗಿ ನಿಮ್ಮನ್ನು ಹೀಗಳೆಯುವುದಿಲ್ಲ. ಜಗಲಿಯ ಹನ್ನೊಂದು ಮಕ್ಕಳಲ್ಲಿ ಮೂವರು, ತಮ್ಮ ನೆಚ್ಚಿನ ಅಧ್ಯಾಪಕರ ಗುಣವೆಂದು ಇದನ್ನೇ ಹೇಳಿದರು.

ತಮಿಳಿನ 'ನನ್ನೂಲ್' ವ್ಯಾಕರಣದ ಪೀಠಿಕಾಭಾಗದಲ್ಲಿ ಒಳ್ಳೆಯ ಗುರುವನ್ನು ನೆಲಕ್ಕೆ, ಬೆಟ್ಟಕ್ಕೆ, ತಕ್ಕಡಿಗೆ, ಹೂವಿಗೆ ಹೋಲಿಸಲಾಗಿದೆ. ಅದನ್ನು ರಚಿಸಿದ ಪವಣಂದಿ ಮುನಿಗೆ ಆಶ್ರಯ ನೀಡಿದವನು ಕುವಲಾಳಪುರದ, ಅಂದರೆ ಇಂದಿನ ಕೋಲಾರದ, ಗಂಗರ ಪರಂಪರೆಯನ್ನು ಹೇಳಿಕೊಂಡ ಸೀಯಗಂಗನೆಂಬ ಅರಸ. ಕನ್ನಡ ನೆಲದ ಹೆಸರನ್ನು ಹೊತ್ತ ದೊರೆಯೊಬ್ಬ ತಮಿಳು ವ್ಯಾಕರಣವನ್ನು ಬರೆಸಿದ ಕಾಲವಿತ್ತೆಂಬುದನ್ನು ನೆನೆದರೆ, ಇಂದು ಒಂದು ತರಗತಿಯೊಳಗೆ ಮೂರು ಭಾಷೆಗಳು ಕೂಡಿ ಬಾಳುವುದು ಅಷ್ಟೇನೂ ಕಷ್ಟವಾಗಿ ತೋರುವುದಿಲ್ಲ. ತಕ್ಕಡಿಯೆಂದರೆ ನ್ಯಾಯ, ಮಕ್ಕಳ ಐದನೆಯ ಮಾತು ಅದೇ. ನೆಲವೆಂದರೆ ಸಹನೆ, ಅಗೆದವನನ್ನೂ ಹೊರುವ ಆ ಸಹನೆಯನ್ನೇ ಅವರು ಎರಡನೆಯ ಮಾತಿನಲ್ಲಿ ಕೇಳಿದರು.

ಕೇಳುವುದನ್ನೇ ಬಿಟ್ಟೆನೆಂದ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನಿಗೆ ಇನ್ನೂ ಎರಡು ಸೆಮಿಸ್ಟರ್ ಉಳಿದಿವೆ, ಮೂರು ವಿಷಯಗಳು ಬಾಕಿಯಿವೆ. ಈಗ ಪ್ರತಿ ಭಾನುವಾರ ಜಗಲಿಗೆ ಬರುತ್ತಾನೆ. ನನಗೆ ಅವನ ವಿಷಯಗಳು ತಿಳಿಯವು. ಆದ್ದರಿಂದ ನಾನು ವಿದ್ಯಾರ್ಥಿ, ಅವನೇ ಗುರು. ಅವನು ನನಗೆ ಮನೆಯ ಮಾತಿನಲ್ಲಿ ಪಾಠ ಹೇಳಬೇಕು, ನಾನು ಅರ್ಥವಾಗದ ಕಡೆ ತಡೆದು ಪ್ರಶ್ನೆ ಕೇಳುತ್ತೇನೆ. ನನ್ನ ಪ್ರಶ್ನೆಗೆ ಉತ್ತರ ಸಿಗದ ಕಡೆಯನ್ನು ಅವನು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಂಡು ಸೋಮವಾರ ಕಾಲೇಜಿನಲ್ಲಿ ಕೇಳಬೇಕೆಂಬುದು ನಮ್ಮ ಒಪ್ಪಂದ. ಕಳೆದ ವಾರ ಒಂದು ಪ್ರಶ್ನೆಯನ್ನು ಕೇಳಿದನಂತೆ, ತಮಿಳಿನಲ್ಲಿ. ಯಾರೂ ನಗಲಿಲ್ಲವಂತೆ.

ತಮ್ಮ ಊರಿನಲ್ಲಿಯೂ ಇಂತಹ ಮಕ್ಕಳಿರಬಹುದು. ಅವರನ್ನು ಕರೆದು ಕೂರಿಸಿ ಇದ್ದೊಂದು ಪ್ರಶ್ನೆಯನ್ನು ಕೇಳಿ ನೋಡಿ. ಅವರು ಹೇಳಿದ್ದನ್ನು ದಯವಿಟ್ಟು ಬರೆದು ತಿಳಿಸಿ. ಮುಂದಿನ ಮನವಿಪತ್ರವನ್ನು ಸಿದ್ಧಪಡಿಸುವಾಗ ನಮ್ಮ ವಾದಗಳ ಜೊತೆಗೆ ಅವರ ಮಾತುಗಳೂ ಇರಲಿ.

ಇಂತು ತಮ್ಮ ವಿಶ್ವಾಸಿ,
ಆಂಡಿಪಟ್ಟಿಯಿಂದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ